ಮೌತ್ ಆರ್ಗನ್ನಿನಲ್ಲಿ ಕರಿ ಮನೆ ಎಲ್ಲಿದೆ?

ಭಾನುವಾರ ಬೆಳಗ್ಗೆ ದಾಸವಾಳಕ್ಕೆ ನೀರು ಬಿಡುತ್ತಿದ್ದೆ. ಕಾಂಪೌಂಡಿನ ಆಚೆ ಮೌತ್ ಆರ್ಗನ್ ಸದ್ದು. ಹಾಡು ಚೆನ್ನಾಗಿಯೇ ಹೊರಡುತ್ತಿತ್ತು, ಎರಡನೆಯ ಸಾಲಿನ ಕೊನೆಗೆ ಬಂದ ಕೂಡಲೇ ಎಡವುತ್ತಿತ್ತು. ಮತ್ತೆ ಮೊದಲಿಂದ, ಮತ್ತೆ ಅಲ್ಲೇ. ನಾಲ್ಕನೆಯ ಸಲಕ್ಕೆ ಪೈಪು ಕೆಳಗಿಟ್ಟು ಗೋಡೆಯ ಹತ್ತಿರ ಹೋದೆ. ಪಕ್ಕದ ಮನೆಯ ಹುಡುಗ, ಇಂಜಿನಿಯರಿಂಗ್ ಎರಡನೆಯ ವರ್ಷದವನು, ಮೆಟ್ಟಿಲ ಮೇಲೆ ಕೂತು ತುಟಿ ಒರೆಸಿಕೊಳ್ಳುತ್ತಿದ್ದ.

"ಅಂಕಲ್, ಎಲ್ಲಿ ತಪ್ಪಾಗ್ತಿದೆ ಅಂತ ಗೊತ್ತಾಗತ್ತೆ. ಆದ್ರೆ ಆ ಸ್ವರ ಇದರಲ್ಲಿ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ" ಅಂದ.

"ಅದು ಅದರಲ್ಲಿ ಇಲ್ಲವೇ ಇಲ್ಲ ಕಣಪ್ಪ" ಅಂದೆ.

ಮೂರು ವಾರದಿಂದ ತನ್ನ ಉಸಿರನ್ನೇ ಬೈದುಕೊಳ್ಳುತ್ತಿದ್ದನಂತೆ. ಪಾಪ, ನನಗೆ ಹೊಟ್ಟೆಯೊಳಗೇ ಚುರುಕ್ ಅಂದಿತು. ಏಕೆಂದರೆ ಇದೇ ಊರಿನಲ್ಲಿ, ಇದೇ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದ್ದೆ. ಅದೂ ಎರಡು ವರ್ಷ.

ನಮ್ಮ ಕಾಲದಲ್ಲಿ ಮೌತ್ ಆರ್ಗನ್ ಹುಚ್ಚು ಹಿಡಿಸಿದ್ದು ಸಿನಿಮಾ. 1958ರ 'ಸೋಲ್ವಾ ಸಾಲ್' ಚಿತ್ರದಲ್ಲಿ ಹೇಮಂತ್ ಕುಮಾರ್ ಹಾಡಿದ ಆ ರೈಲಿನ ಹಾಡಿಗೆ ಮೌತ್ ಆರ್ಗನ್ ನುಡಿಸಿದವರು ಆರ್.ಡಿ. ಬರ್ಮನ್. ಆಗಿನ್ನೂ ತಂದೆ ಎಸ್.ಡಿ. ಬರ್ಮನ್ನರ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ. 1964ರ 'ದೋಸ್ತಿ'ಯಲ್ಲೂ ಅವರದೇ ಉಸಿರು. ಆಮೇಲೆ 1975ರ 'ಶೋಲೆ'. ರಾತ್ರಿ ಜಯ್ ಒಬ್ಬನೇ ಕೂತು ನುಡಿಸುತ್ತಾನಲ್ಲ, ಪರದೆಯ ಮೇಲೆ ಅಮಿತಾಭ್, ಹಿಂದೆ ಊದಿದವರು ಭಾನು ಗುಪ್ತ. ಆ ಚಿತ್ರ ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಆ ಬಂಡೆ ಕಂಡರೆ ಸಾಕು, ಜೇಬಿನಿಂದ ಮೌತ್ ಆರ್ಗನ್ ತೆಗೆಯುವ ಹುಡುಗರು ಒಂದು ಬೋಗಿಗೆ ಒಬ್ಬರಾದರೂ ಇರುತ್ತಿದ್ದರು. ಅಂಥವರಲ್ಲಿ ನಾನೂ ಒಬ್ಬ.

ನಾನು ಅಂಗಡಿಯಲ್ಲಿ ಕೇಳಿದ್ದು ಒಂದೇ ಮಾತು: "ಸಿನಿಮಾ ಹಾಡು ಬರುತ್ತಾ?" ಅಂಗಡಿಯವರು "ಎಲ್ಲ ಹಾಡೂ ಬರುತ್ತೆ" ಅಂದು, 24 ತೂತಿನ ಎರಡು ಸಾಲಿನದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೊಟ್ಟ ವಾದ್ಯ ಕೆಟ್ಟದ್ದಲ್ಲ, ಹೇಳಿದ ಮಾತು ಸುಳ್ಳು.

ಹುಡುಗನ ಕೈಯಲ್ಲಿದ್ದದ್ದೂ ಅದೇ ಜಾತಿಯದು. ಟ್ರೆಮೋಲೋ ಅಂತಾರೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ, ಬೆಲೆಯೂ ಕೈಗೆಟುಕುವಂಥದು. ಒಂದೊಂದು ಸ್ವರಕ್ಕೂ ಎರಡೆರಡು ಹಿತ್ತಾಳೆ ರೀಡು, ಒಂದರ ಶ್ರುತಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಏರಿಸಿರುತ್ತಾರೆ. ಎರಡೂ ಒಟ್ಟಿಗೆ ನುಡಿದಾಗ ನಾದ ಅಲೆಅಲೆಯಾಗಿ ನಡುಗುತ್ತದೆ. ಕೇಳಲು ಬಲು ಇಂಪು. ಆದರೆ ಅದರಲ್ಲಿರುವುದು ಏಳೇ ಸ್ವರ.

"ನಿಮ್ಮಜ್ಜಿ ಹಾರ್ಮೋನಿಯಂ ಇದೆಯಲ್ಲ, ಅದರ ಕರಿ ಮನೆಗಳನ್ನೆಲ್ಲ ಕಿತ್ತು ಹಾಕಿದೆ ಅಂತ ಅಂದುಕೋ. ಉಳಿಯೋದೇ ನಿನ್ನ ಮೌತ್ ಆರ್ಗನ್" ಅಂದೆ.

ಅದು ಅವನಿಗೆ ತಕ್ಷಣ ಹೊಳೆಯಿತು. ಹಾರ್ಮೋನಿಯಂ, ಮೌತ್ ಆರ್ಗನ್ ಎರಡೂ ಒಂದೇ ಕುಲದವು. ಎರಡರಲ್ಲೂ ಗಾಳಿ ಬಡಿದಾಗ ಲೋಹದ ನಾಲಗೆ ಅದುರಿ ಸ್ವರ ಹುಟ್ಟುತ್ತದೆ. ಅಲ್ಲಿ ತಿದಿ, ಇಲ್ಲಿ ನಮ್ಮ ಎದೆ. ಪಾಶ್ಚಾತ್ಯರು ಶಾರ್ಪ್, ಫ್ಲ್ಯಾಟ್ ಅನ್ನುವ, ನಮ್ಮ ಹಿಂದೂಸ್ತಾನಿಯವರು ಕೋಮಲ, ತೀವ್ರ ಅನ್ನುವ ಸ್ವರಗಳು ಒಂದು ಮನೆ ಶ್ರುತಿಗೆ ನುಡಿಸುವಾಗ ಕರಿ ಮನೆಗಳಲ್ಲೇ ಕೂತಿರುತ್ತವೆ. ಹುಡುಗನ ಹಾಡಿನಲ್ಲಿ ನಿಷಾದ ಎರಡು ಥರ ಬರುತ್ತಿತ್ತು. ಏರುವಾಗ ಕಾಕಲಿ, ಇಳಿಯುವಾಗ ಕೈಶಿಕಿ. ಏರುವಾಗಿನದು ಅವನ ವಾದ್ಯದಲ್ಲಿತ್ತು, ಇಳಿಯುವಾಗಿನದು ಇರಲಿಲ್ಲ. ಎಡವದೆ ಇನ್ನೇನು?

ಏಳೇ ಸ್ವರವೆಂದು ಅದನ್ನು ತಳ್ಳಿ ಹಾಕುವುದೂ ಸರಿಯಲ್ಲ. ಗ್ರಹಭೇದ ಗೊತ್ತಿದ್ದವರು ಅದರಲ್ಲೇ ಆರು ಮೇಳ ತೆಗೆಯಬಹುದು. ಸಿ ಶ್ರುತಿಯ ಮೌತ್ ಆರ್ಗನ್ನಿನಲ್ಲಿ ಷಡ್ಜದಿಂದ ಹೊರಟರೆ ಶಂಕರಾಭರಣ. ಅದರ ರಿಷಭವನ್ನೇ ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಮೋಹನ, ಹಂಸಧ್ವನಿ ಹಾಗೇ ಸಿಗುತ್ತವೆ. ನಾನು ಎರಡು ವರ್ಷ ಆದ ಮೇಲೆ ಕಂಡುಕೊಂಡ ದಾರಿ ಇದು. ಆದರೆ ಹಾಡಿನ ನಡುವೆ ಒಂದು ಅನ್ಯಸ್ವರ ಬಂತೋ, ಎರಡು ನಿಷಾದ, ಎರಡು ಮಧ್ಯಮ ಬಂತೋ, ದಾರಿ ಅಲ್ಲಿಗೇ ಮುಗಿಯಿತು. ಸಿನಿಮಾ ಹಾಡು ಅಂದರೆ ಬಹುಪಾಲು ಅದೇ. ಅನ್ಯಸ್ವರ ಬರುವ ಜಾಗದಲ್ಲೇ ಅದರ ಜೀವ ಇರುತ್ತದೆ.

"ಹಾಗಾದ್ರೆ ಸಿ ಒಂದು, ಸಿ ಶಾರ್ಪ್ ಒಂದು, ಎರಡು ತಗೊಂಡ್ರೆ?" ಅಂತ ಕೇಳಿದ ಹುಡುಗ. ಒಳ್ಳೆಯ ಪ್ರಶ್ನೆ. ಹಾಗೆ ನುಡಿಸುವವರು ನಿಜವಾಗಿಯೂ ಇದ್ದಾರೆ. ಚೀನಾ, ತೈವಾನ್, ಜಪಾನ್ ಕಡೆ ಟ್ರೆಮೋಲೋ ವಾದಕರು ಸಿ ಮತ್ತು ಸಿ ಶಾರ್ಪ್ ಎರಡನ್ನೂ ಒಂದರ ಮೇಲೊಂದು ಹಿಡಿದು, ಕರಿ ಮನೆ ಬೇಕಾದಾಗ ತುಟಿಯನ್ನು ಮೇಲಿನದಕ್ಕೆ ಜಿಗಿಸುತ್ತಾರೆ. ಕಣ್ಣಾರೆ ಕಂಡರೆ ಬೆರಗಾಗುತ್ತದೆ. ಬಿಡಿಬಿಡಿ ಸ್ವರದ ನಿಧಾನ ಹಾಡಿಗೆ ಅದು ನಡೆಯುತ್ತದೆ. ನಾನೂ ಒಂದು ಮಳೆಗಾಲ ಪೂರ್ತಿ ಪ್ರಯತ್ನಿಸಿದ್ದೇನೆ. ಒಂದೇ ಉಸಿರಿನಲ್ಲಿ ಸ್ವರದಿಂದ ಸ್ವರಕ್ಕೆ ಎಳೆ ಕಡಿಯದೆ ಹೋಗಬೇಕಾದ ಕಡೆ ತುಟಿ ಹಾರಿದರೆ ಎಳೆ ಕಡಿದೇ ಹೋಗುತ್ತದೆ. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಇಷ್ಟು ಹೊತ್ತಿಗೆ ಅವನ ಅಜ್ಜಿ ಹೊರಗೆ ಬಂದರು. ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಟೀಚರಮ್ಮ ಅಂತಲೇ ಕರೆಯುವುದು. ನಲವತ್ತು ವರ್ಷದಿಂದ ಮನೆಯಲ್ಲೇ ಸಂಗೀತ ಪಾಠ. ಕೈಯಲ್ಲಿ ಕಾಫಿ ಲೋಟ. "ಏನ್ರೀ, ಬೆಳಗ್ಗೆ ಬೆಳಗ್ಗೆ ನನ್ನ ಮೊಮ್ಮಗನಿಗೆ ಪಾಠ ನಡೀತಾ ಇದೆ?" ಅಂದರು. ವಿಷಯ ಹೇಳಿದೆ. ಅವರು ಕಲ್ಲುಬೆಂಚಿನ ಮೇಲೆ ಕೂತರು. ಅಲ್ಲಿಗೆ ದಾಸವಾಳದ ಕತೆ ಮುಗಿಯಿತು.

ಹುಡುಗ ಮೊಬೈಲಿನಲ್ಲಿ ಇನ್ನೊಂದು ತೋರಿಸಿದ. ಹತ್ತು ತೂತಿನದು, ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕದು. ಅಮೆರಿಕದ ಬ್ಲೂಸ್ ವಾದಕರು ಬಳಸುವುದು ಅದನ್ನೇ. "ಇದರಲ್ಲಿ ಬೆಂಡ್ ಮಾಡಿದ್ರೆ ಎಲ್ಲ ಸ್ವರ ಬರುತ್ತಂತೆ ಅಂಕಲ್."

ಬರುತ್ತದೆ. ಆದರೆ ಹೇಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಉಸಿರನ್ನು ಒಳಗೆ ಎಳೆಯುವಾಗ ನಾಲಗೆಯನ್ನು ಹಿಂದಕ್ಕೆ ಸರಿಸಿ ಬಾಯೊಳಗಿನ ಜಾಗ ಬದಲಿಸಿದರೆ ಸ್ವರ ಬಾಗಿ ಕೆಳಗಿಳಿಯುತ್ತದೆ. ಸಿ ಶ್ರುತಿಯದರಲ್ಲಿ ನಾಲ್ಕನೆಯ ತೂತನ್ನು ಎಳೆದರೆ ಚತುಶ್ರುತಿ ರಿಷಭ, ಬಾಗಿಸಿ ಎಳೆದರೆ ಶುದ್ಧ ರಿಷಭ. ಆರನೆಯದನ್ನು ಬಾಗಿಸಿದರೆ ಶುದ್ಧ ಧೈವತ. ಅಷ್ಟಕ್ಕೆ ಸರಿ. ಮಧ್ಯದ ಸ್ಥಾಯಿಯಲ್ಲಿ ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಕೈಶಿಕಿ ನಿಷಾದ ಈ ಮೂರು ಮಾತ್ರ ಬಾಗಿಸಿದರೂ ಬರುವುದಿಲ್ಲ. ಅವಕ್ಕೆ ಓವರ್‌ಬ್ಲೋ ಅನ್ನುವ ಇನ್ನೊಂದು ವಿದ್ಯೆ ಬೇಕು. ಊದುವಾಗ ಊದುವ ರೀಡು ಸುಮ್ಮನಾಗಿ, ಎಳೆಯುವ ರೀಡು ಎಚ್ಚೆತ್ತು ಮೇಲಿನ ಸ್ವರ ನುಡಿಯುವಂತೆ ಮಾಡುವುದು. ಅಮೆರಿಕದ ಹೊವರ್ಡ್ ಲೀವಿ 1970ರ ಸುಮಾರಿಗೆ ಅದನ್ನು ಸಾಧಿಸಿ, ಹತ್ತೇ ತೂತಿನಲ್ಲಿ ಹನ್ನೆರಡು ಸ್ವರವನ್ನೂ ನುಡಿಸಿ ತೋರಿಸಿದರು. ಅವರದು ತಪಸ್ಸು. ಅದಕ್ಕೆ ರೀಡಿನ ಸಂದನ್ನೂ ಕೈಯಾರೆ ಸರಿಮಾಡಿಕೊಳ್ಳಬೇಕಾಗುತ್ತದೆ. ಇನ್ನೊಂದು ತೊಂದರೆಯಿದೆ. ಆ ಚಿಕ್ಕ ವಾದ್ಯದ ಮೊದಲ ಮೂರು ತೂತುಗಳಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ, ಅಲ್ಲಿ ಅವನ್ನೂ ಬಾಗಿಸಿಯೇ ತರಬೇಕು.

"ಬಾಗುತ್ತೆ ಅಂದ್ರೆ ಜಾರು ಬರುತ್ತಲ್ಲ?" ಅಂದರು ಟೀಚರಮ್ಮ. ಅವರ ಕಿವಿ ಎಲ್ಲಿಗೆ ಹೋಗುತ್ತದೆ ನೋಡಿ. ಹೌದು, ಆ ಒಂದು ವಿಷಯದಲ್ಲಿ ಹತ್ತು ತೂತಿನದನ್ನು ಮೀರಿಸುವ ಮೌತ್ ಆರ್ಗನ್ ಇಲ್ಲ. ಅದರಲ್ಲಿ ಸ್ವರ ಜಾರುತ್ತದೆ, ಅಳುತ್ತದೆ, ಗಮಕದ ಹತ್ತಿರ ಬರುತ್ತದೆ. ಮುಂದೊಂದು ದಿನ ಅವನು ಅದನ್ನೂ ಕಲಿಯಲಿ. ಆದರೆ ಅವನು ಕೇಳುತ್ತಿದ್ದದ್ದು ಬೇರೆ. ಇವತ್ತು ಕಿವಿಯಲ್ಲಿರುವ ಹಾಡನ್ನು, ಅದರ ಕರಿ ಮನೆಗಳ ಸಮೇತ, ತಿಣುಕಾಡದೆ ನುಡಿಸುವುದು ಹೇಗೆ ಅಂತ. ಅದಕ್ಕೆ ಉತ್ತರ ಒಂದೇ: ಬದಿಯಲ್ಲಿ ಗುಂಡಿ ಇರುವ ಮೌತ್ ಆರ್ಗನ್, ಕ್ರೊಮ್ಯಾಟಿಕ್.

ಒಳಗೆ ಹೋಗಿ ನನ್ನದನ್ನು ತಂದು ಗೋಡೆಯ ಮೇಲಿಟ್ಟೆ. ಹನ್ನೆರಡು ತೂತು, 48 ರೀಡು, ಮೂರು ಸ್ಥಾಯಿ. ಬಲತುದಿಯಲ್ಲಿ ಒಂದು ಗುಂಡಿ. ಗುಂಡಿ ಬಿಟ್ಟಿದ್ದಾಗ ಬಿಳಿ ಮನೆಗಳು. ಒತ್ತಿದರೆ ಒಳಗಿನ ತಗಡು ಸರಿದು, ಗಾಳಿ ಬೇರೆ ರೀಡಿಗೆ ಹೋಗಿ, ಹೆಚ್ಚುಕಡಿಮೆ ಪ್ರತಿ ಸ್ವರವೂ ಅರ್ಧ ಮನೆ ಮೇಲೇರುತ್ತದೆ. ಅಷ್ಟೇ ಅದರ ಗುಟ್ಟು. ನಾಲ್ಕು ತೂತಿಗೆ ಒಂದು ಸ್ಥಾಯಿ. ಮೊದಲನೆಯದನ್ನು ಊದಿದರೆ ಸ, ಎಳೆದರೆ ರಿ. ಎರಡನೆಯದರಲ್ಲಿ ಊದಿದರೆ ಗ, ಎಳೆದರೆ ಮ. ಮೂರರಲ್ಲಿ ಪ, ದ. ನಾಲ್ಕರಲ್ಲಿ ಮಾತ್ರ ತಿರುಗುಮುರುಗು: ಎಳೆದರೆ ನಿ, ಊದಿದರೆ ಮೇಲಿನ ಸ. ಐದನೆಯ ತೂತಿನಿಂದ ಮತ್ತೆ ಅದೇ ಪಾಠ, ಒಂಬತ್ತರಿಂದ ಇನ್ನೊಮ್ಮೆ. ಒಂದು ಸ್ಥಾಯಿ ಕಲಿತರೆ ಮೂರೂ ಬಂದ ಹಾಗೆ. ಹತ್ತು ತೂತಿನದರಲ್ಲಿ ಈ ಸೌಕರ್ಯ ಇಲ್ಲ, ಅಲ್ಲಿ ಮೂರು ಸ್ಥಾಯಿಗೆ ಮೂರು ಥರದ ಜೋಡಣೆ.

ಟೀಚರಮ್ಮ ಲೋಟ ಕೆಳಗಿಟ್ಟು ಕೇಳಿದರು: "ಸರಳೆ ವರಸೆ ಬರುತ್ತಾ ಇದರಲ್ಲಿ?"

ಮಾಯಾಮಾಳವಗೌಳ! ಪುರಂದರದಾಸರು ಹಾಕಿಕೊಟ್ಟ ಮೊದಲ ಪಾಠ. ನಮ್ಮ ಕಡೆ ಸಂಗೀತಕ್ಕೆ ಕೂತ ಪ್ರತಿ ಮಗುವೂ ಬಾಯಿಬಿಡುವುದು ಈ ರಾಗದಲ್ಲೇ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಹುಡುಗನ ಕೈಯಲ್ಲಿದ್ದ ಟ್ರೆಮೋಲೋದಲ್ಲಿ ಎಲ್ಲಿಂದ ಹೊರಟರೂ ಈ ರಾಗ ಸಿಗುವುದಿಲ್ಲ. ನಮ್ಮ ಮೊದಲ ಪಾಠಕ್ಕೇ ಆ ವಾದ್ಯದಲ್ಲಿ ಜಾಗವಿಲ್ಲ.

ಕ್ರೊಮ್ಯಾಟಿಕ್‌ನಲ್ಲಿ ನೋಡಿ ಏನಾಗುತ್ತದೆ. ಈ ರಾಗದ ಎಂಟು ಸ್ವರ ಪಕ್ಕಪಕ್ಕದ ಜೋಡಿಗಳು: ಸ-ರಿ, ಗ-ಮ, ಪ-ದ, ನಿ-ಸ. ಪ್ರತಿ ಜೋಡಿಯ ನಡುವೆ ಅರ್ಧ ಮನೆಯ ಅಂತರ. ಗುಂಡಿ ಮಾಡುವ ಕೆಲಸವೂ ಅದೇ, ಅರ್ಧ ಮನೆ ಏರಿಸುವುದು. ಹಾಗಾಗಿ ಒಂದನೆಯ ತೂತನ್ನು ಊದು, ಸ. ಉಸಿರು ಬಿಡದೆ ಗುಂಡಿ ಒತ್ತು, ರಿ. ಎರಡನೆಯದನ್ನು ಊದು, ಗ. ಒತ್ತು, ಮ. ಮೂರನೆಯದು ಪ, ಒತ್ತಿದರೆ ದ. ನಾಲ್ಕನೆಯದನ್ನು ಎಳೆ, ನಿ. ಒತ್ತು, ಸ. ನಾಲ್ಕು ತೂತು, ನಾಲ್ಕು ಜೋಡಿ. ಜರ್ಮನಿಯವರು ತಮ್ಮ ಸಂಗೀತಕ್ಕೆಂದು ಮಾಡಿದ ಪೆಟ್ಟಿಗೆಯೊಳಗೆ ನಮ್ಮ ಮಾಯಾಮಾಳವಗೌಳ ಅಚ್ಚುಕಟ್ಟಾಗಿ ಕೂತಿದೆ. ನಾನು ಮೊದಲ ಸಲ ಇದನ್ನು ಕಂಡುಕೊಂಡ ರಾತ್ರಿ ಹನ್ನೊಂದರವರೆಗೆ ಅದನ್ನೇ ಊದಿದ್ದೆ.

ನುಡಿಸಿ ತೋರಿಸಿದೆ. ಟೀಚರಮ್ಮ ಕಣ್ಣು ಮುಚ್ಚಿ ಕೇಳಿದರು. "ರಿಷಭ ನೆಟ್ಟಗೆ ನಿಂತುಬಿಡುತ್ತೆ, ಸ್ವಲ್ಪ ಅಲುಗಬೇಕಿತ್ತು" ಅಂದರು.

ನಿಜ, ಅದನ್ನು ಮುಚ್ಚಿಡಬಾರದು. ಇದೇ ದೂರಿನ ಮೇಲೆ, ಗಮಕ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ, ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. 1971ರವರೆಗೂ ಆ ತಡೆ ಇತ್ತು. ಕ್ರೊಮ್ಯಾಟಿಕ್ ಆ ವಿಷಯದಲ್ಲಿ ಹಾರ್ಮೋನಿಯಂಗಿಂತ ತುಸು ಮೇಲು: ಬಾಯಿಯಿಂದ ಸ್ವರವನ್ನು ಕೊಂಚ ಬಾಗಿಸಬಹುದು, ಗುಂಡಿಯನ್ನು ಬೇಗಬೇಗ ಒತ್ತಿ ಬಿಟ್ಟರೆ ಸ್ಫುರಿತದ ಹಾಗೆ ಕೇಳುತ್ತದೆ, ಗ-ಮ-ಗ-ಮ ಒಂದೇ ಉಸಿರಿನಲ್ಲಿ ಹರಿಯುತ್ತದೆ. ಆದರೆ ತೋಡಿಯ ಗಾಂಧಾರವನ್ನು ಅದು ತೂಗಿಸಲಾರದು. ತೋಡಿಯ ಎಲ್ಲ ಸ್ವರಸ್ಥಾನಗಳೂ ಅದರಲ್ಲಿವೆ, ತೋಡಿ ಇಲ್ಲ. ಸಿನಿಮಾ ಹಾಡಿಗೆ, ಭಾವಗೀತೆಗೆ, ದೇವರನಾಮಕ್ಕೆ ಧಾರಾಳ ಸಾಕು. ಟೀಚರಮ್ಮ ಇದನ್ನು ಒಪ್ಪಿದರು. ಒಪ್ಪಿದ್ದು ನನಗೆ ಸಂತೋಷವಾಯಿತು.

ಇನ್ನು ಕೊಳ್ಳುವ ವಿಚಾರ. ಜರ್ಮನಿಯ ಟ್ರೊಸಿಂಗನ್ನಿನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ಶುರುಮಾಡಿದ ಕಂಪನಿ ಇದೆ. ಅದಕ್ಕೂ ಹತ್ತು ವರ್ಷ ಹಳೆಯದು, 1847ರದು, ಕ್ಲಿಂಗೆಂಟಾಲ್‌ನ ಸೈಡೆಲ್. ಜಪಾನಿನ ಹಮಾಮತ್ಸುವಿನ ಸುಜುಕಿ ಇದೆ, ಕಾರಿನ ಸುಜುಕಿ ಅಲ್ಲ, ಊರು ಮಾತ್ರ ಒಂದೇ. ಚೀನಾದ ಈಸ್ಟ್‌ಟಾಪ್, ಸ್ವಾನ್ ಕೂಡ ಕ್ರೊಮ್ಯಾಟಿಕ್ ಮಾಡುತ್ತವೆ. ಯಾವ ಹೆಸರಾದರೂ ಇರಲಿ, ಟ್ರೆಮೋಲೋ ಬೆಲೆಗೆ ಒಳ್ಳೆಯ ಕ್ರೊಮ್ಯಾಟಿಕ್ ಸಿಗುವುದಿಲ್ಲ. ನೂರರ ಲೆಕ್ಕ ಬಿಟ್ಟು ಸಾವಿರದ ಲೆಕ್ಕಕ್ಕೆ ಬರಬೇಕು. ಇಲ್ಲಿ ಹಣ ಉಳಿಸಲು ಹೋದವರು ಉಸಿರು ಕಳೆದುಕೊಳ್ಳುತ್ತಾರೆ. ಇದು ಮಾತಿನ ಅಲಂಕಾರ ಅಲ್ಲ. ಸರಿಯುವ ತಗಡಿನ ಸುತ್ತ ಗಾಳಿ ಸೋರಿದರೆ ಪ್ರತಿ ಸ್ವರಕ್ಕೂ ದುಪ್ಪಟ್ಟು ಊದಬೇಕು, ಕೆಳಗಿನ ಸ್ವರಗಳು ಏಳುವುದೇ ಇಲ್ಲ. ಹುಡುಗರು ತಮ್ಮ ಶ್ವಾಸಕೋಶ ಸಾಲದು ಅಂದುಕೊಂಡು ವಾದ್ಯ ಬಿಟ್ಟುಬಿಡುತ್ತಾರೆ. ಗುಂಡಿ ಇದ್ದ ಮಾತ್ರಕ್ಕೆ ಕರಿ ಮನೆ ಸುಲಭವಾಗುವುದಿಲ್ಲ. ಗಾಳಿ ಸೋರದಿರಬೇಕು, ಒತ್ತಿದ ಗುಂಡಿ ಬಿಟ್ಟ ಕೂಡಲೇ ಚಿಮ್ಮಿ ವಾಪಸ್ ಬರಬೇಕು. ಆಗ ಸುಲಭ.

ಎಷ್ಟು ತೂತಿನದು? ಹುಡುಗ ಹದಿನಾರರದ್ದರ ಮೇಲೆ ಕಣ್ಣಿಟ್ಟಿದ್ದ. ಅದು 64 ರೀಡಿನ, ನಾಲ್ಕು ಸ್ಥಾಯಿಯ ವಾದ್ಯ. ಕೆಳಗೆ ಒಂದು ಸ್ಥಾಯಿ ಹೆಚ್ಚಿಗೆ, ದನಿ ಗಂಭೀರ. ಕೇಳಿದವರಿಗೆ ಆಸೆಯಾಗುವುದು ಸಹಜ. ಆದರೆ ಆ ಉದ್ದನೆಯ ತಳದ ರೀಡುಗಳು ನಿಧಾನವಾಗಿ ಏಳುತ್ತವೆ, ಹೊಸಬರ ಉಸಿರಿಗೆ ಬೇಗ ಬಗ್ಗುವುದಿಲ್ಲ. ಮಂದ್ರ ಬೇಕಾದರೆ ಹನ್ನೆರಡರದ್ದರಲ್ಲೇ ಉಪಾಯ ಉಂಟು. ಐದನೆಯ ತೂತನ್ನು ಷಡ್ಜ ಮಾಡಿಕೊ, ಕೆಳಗೆ ಪೂರ್ತಿ ಒಂದು ಸ್ಥಾಯಿ, ಮೇಲೆ ಎರಡು. ನಮ್ಮ ಹಾಡುಗಳು ಅದರಾಚೆ ಹೋಗುವುದು ಅಪರೂಪ. ಶ್ರುತಿ ಸಿ ಇರಲಿ, ಅಂದರೆ ಒಂದು ಮನೆ. ಗುಂಡಿ ಒತ್ತಿ ಹಿಡಿದರೆ ಪೂರ್ತಿ ವಾದ್ಯ ಒಂದೂವರೆ ಮನೆಗೆ ಬರುತ್ತದೆ. ಇಂಗ್ಲೆಂಡಿನ ವಾನ್ ವಿಲಿಯಮ್ಸ್ 1951ರಲ್ಲಿ ಲ್ಯಾರಿ ಆಡ್ಲರ್‌ಗೆಂದು ಮೌತ್ ಆರ್ಗನ್, ಪಿಯಾನೋ, ತಂತಿವಾದ್ಯಗಳಿಗೆ 'ರೊಮಾನ್ಸ್' ಬರೆದರಲ್ಲ, ಅದು ಡಿ ಫ್ಲ್ಯಾಟ್‌ನಲ್ಲಿದೆ, ಅಂದರೆ ಇದೇ ಒಂದೂವರೆ ಮನೆ. ಆಡ್ಲರ್, ಬೆಲ್ಜಿಯಂನ ಟೂಟ್ಸ್ ಟೀಲೆಮನ್ಸ್, ಸ್ಟೀವಿ ವಂಡರ್ ಮೂವರದೂ ಗುಂಡಿಯ ವಾದ್ಯ. ಮೂವರನ್ನೂ ಹುಡುಕಿ ಕೇಳು ಅಂತ ಹುಡುಗನಿಗೆ ಹೇಳಿದೆ, ಅದರಲ್ಲೂ ಟೂಟ್ಸ್ ಅವರನ್ನು. ಒಂದು ಸ್ವರವನ್ನು ಅಷ್ಟು ಮೆತ್ತಗೆ ಹಿಡಿಯುವವರನ್ನು ನಾನು ಬೇರೆ ಕೇಳಿಲ್ಲ.

ಮರದ ಮೈ ಬೇಡ. ರೀಡಿನ ತಟ್ಟೆಗಳ ನಡುವೆ ಬಾಚಣಿಗೆಯಂಥ ಒಂದು ಚೌಕಟ್ಟು ಇರುತ್ತದೆ, ಅದನ್ನು ಕೋಂಬ್ ಅಂತಲೇ ಕರೆಯುತ್ತಾರೆ. ಹಳೆಯ ಮಾದರಿಗಳಲ್ಲಿ ಅದು ಪೇರ್ ಮರದ್ದು, ತಟ್ಟೆಗಳನ್ನು ಮೊಳೆ ಹೊಡೆದು ಕೂರಿಸಿರುತ್ತಿದ್ದರು. ನನ್ನ ಮೊದಲ ಕ್ರೊಮ್ಯಾಟಿಕ್ ಅಂಥದ್ದು, ಸೆಕೆಂಡ್ ಹ್ಯಾಂಡ್. ಅಷ್ಟರಲ್ಲಿ ಮಂಗಳೂರಿಗೆ ವರ್ಗವಾಯಿತು. ಜೂನ್ ಮಳೆ ಹಿಡಿಯಿತು, ಮರ ಉಬ್ಬಿತು, ಗುಂಡಿ ಅಲ್ಲಾಡಲಿಲ್ಲ. ಬೇಸಿಗೆಗೆ ಮರ ಒಣಗಿ ಸಂದು ಬಿಟ್ಟು ಗಾಳಿ ಸೋರಿತು. ಆ ದುಃಖ ಈಗಲೂ ಇದೆ. ಪ್ಲಾಸ್ಟಿಕ್ ಕೋಂಬ್, ಸ್ಕ್ರೂ ಹಾಕಿದ ತಟ್ಟೆ, ಇದ್ದರೆ ದುಂಡು ತೂತು. ನಮ್ಮ ಹವೆಗೆ ಇದು ಸರಿ. ಸ್ಕ್ರೂ ಇದ್ದರೆ ಬಿಚ್ಚಿ ತೊಳೆಯಬಹುದು, ಸರಿಯುವ ತಗಡಿಗೆ ಎಂಜಲು ಅಂಟಿ ಗಟ್ಟಿಯಾಗುವುದು ಎಲ್ಲರ ವಾದ್ಯದಲ್ಲೂ ಆಗುವುದೇ. ಕಾಫಿ, ಮೈಸೂರು ಪಾಕು ತಿಂದ ಬಾಯಲ್ಲಿ ಊದಲೇಬಾರದು. ಬಾಯಿ ಮುಕ್ಕಳಿಸಿ, ಐದು ನಿಮಿಷ ವಾದ್ಯವನ್ನು ಅಂಗೈಯಲ್ಲೋ ಜೇಬಿನಲ್ಲೋ ಬೆಚ್ಚಗಿಟ್ಟು, ಆಮೇಲೆ ಊದಬೇಕು. ಒಳಗೆ ರೀಡುಗಳಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರೆ, ಗಾಳಿ ಹಿಂದೆ ಸೋರದ ಹಾಗೆ. ತಣ್ಣಗಿನ ವಾದ್ಯಕ್ಕೆ ಬಿಸಿ ಉಸಿರು ತಾಗಿದರೆ ಹನಿ ಕಟ್ಟಿ ಆ ಪಟ್ಟಿಗಳು ಅಂಟಿಕೊಳ್ಳುತ್ತವೆ, ಸ್ವರ ಗೊರಗೊರ ಅನ್ನುತ್ತದೆ.

ಅಂಗಡಿಗೆ ಹೋದರೆ ಬಾಯಿಂದ ಊದಿ ನೋಡಲು ಬಿಡದಿರಬಹುದು. ಕೆಲವರ ಹತ್ತಿರ ಪರೀಕ್ಷೆಗೆಂದೇ ಪುಟ್ಟ ತಿದಿ ಇರುತ್ತದೆ, ಅದನ್ನು ಕೇಳಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ, ಬಾಯಿಗೆ ಇಡುವ ವಸ್ತು ಅಂತ ವಾಪಸ್ ತೆಗೆದುಕೊಳ್ಳದವರೂ ಇದ್ದಾರೆ. ರೀಡು ಕೆಟ್ಟಿದ್ದರೆ ಬದಲಿಸುತ್ತೀರಾ ಅಂತ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಪರೀಕ್ಷೆಗೆ ನನ್ನ ಕ್ರಮ ಇದು: ಮಾಯಾಮಾಳವಗೌಳ, ಮೂರು ಸ್ಥಾಯಿ, ಮೇಲೆ ಹೋಗಿ ಕೆಳಗೆ ಬರುವುದು. ಅಷ್ಟಕ್ಕೆ 24 ರೀಡು ಮಾತಾಡಿಸಿದಂತಾಯಿತು. ಆಮೇಲೆ ಊದಿದ ಕಡೆ ಎಳೆ, ಎಳೆದ ಕಡೆ ಊದು, ಗುಂಡಿ ಒತ್ತಿ ಒಮ್ಮೆ, ಬಿಟ್ಟು ಒಮ್ಮೆ. ಉಳಿದ 24 ಮುಗಿಯಿತು. ಮೆಲ್ಲಗೆ ಊದಿದಾಗಲೂ ಎಲ್ಲವೂ ಎದ್ದರೆ ಆ ವಾದ್ಯ ಕೊಳ್ಳಬಹುದು.

ಬಿಸಿಲು ಏರಿತು. ಟೀಚರಮ್ಮ "ತರಿಸಪ್ಪ, ನನ್ನ ಪೆನ್ಷನ್ನಿನಲ್ಲಿ ಕೊಡ್ತೀನಿ" ಅಂದು ಒಳಗೆ ಹೋದರು.

ಹನ್ನೆರಡು ತೂತಿನದೇ ಬಂತು, ಮುಂದಿನ ಗುರುವಾರ. ಹುಡುಗ ಗೋಡೆಯ ಹತ್ತಿರವೇ ಪೆಟ್ಟಿಗೆ ಬಿಚ್ಚಿದ. 48 ರೀಡೂ ಸರಿಯಿದ್ದವು. ಅವನ ಹಾಡಿನ ಕೈಶಿಕಿ ನಿಷಾದ, ಮೂರನೆಯ ತೂತು, ಗುಂಡಿ ಒತ್ತಿ ಎಳೆದದ್ದು, ಮೊದಲ ಸಲಕ್ಕೇ ಬಂತು. ಎರಡನೆಯ ಸಾಲು ದಾಟಿದ. ಈಗ ಅವನ ತೊಂದರೆ ಬೇರೆ: ಅಜ್ಜಿಯ ಪಾಠ ಐದು ಮನೆ ಶ್ರುತಿಗೆ. ಅಲ್ಲಿ ಷಡ್ಜ ಮೂರನೆಯ ತೂತಿನಲ್ಲಿ. ಸ-ರಿ, ಗ-ಮ, ಪ-ದ ಜೋಡಿಗಳು ಅಲ್ಲೂ ಒಂದೊಂದೇ ತೂತಿನಲ್ಲಿ ಕೂರುತ್ತವೆ, ನಿ-ಸ ಮಾತ್ರ ಕೂರುವುದಿಲ್ಲ. ಆರನೆಯದನ್ನು ಗುಂಡಿ ಒತ್ತಿ ಎಳೆದು, ಕೂಡಲೇ ಗುಂಡಿ ಬಿಟ್ಟು ಏಳನೆಯದನ್ನು ಊದಬೇಕು. ಸಂಜೆ ಪಾಠದ ಮಕ್ಕಳು ಬರುವ ಮುಂಚೆ ಆ ಎರಡೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತಾನೆ. ನಾನು ಈಚೆಯಿಂದ ಕೇಳುತ್ತಿರುತ್ತೇನೆ.

ನಿಮ್ಮ ಮನೆಯಲ್ಲೂ ಮಕ್ಕಳು ಮೌತ್ ಆರ್ಗನ್ ಬೇಕು ಅಂದರೆ, ಯಾವ ಹಾಡು ನುಡಿಸಬೇಕು ಅಂತಿದ್ದೀಯ ಅಂತ ಮೊದಲು ಕೇಳಿ. ಆ ಹಾಡನ್ನು ಒಮ್ಮೆ ಹಾರ್ಮೋನಿಯಂ ಮೇಲೆ ಒಂದು ಮನೆ ಶ್ರುತಿಗೆ ನುಡಿಸಿ ನೋಡಿ. ಬೆರಳು ಕರಿ ಮನೆಗೆ ಹೋದರೆ, ಗುಂಡಿ ಇರುವುದನ್ನೇ ಕೊಡಿಸಿ.